ಪಡಸಾಲೆ ದಾಟದ ಗೆಳೆತನ

2024ರ ಜನವರಿ. ದಾವಣಗೆರೆಯಲ್ಲಿ ಬಂಧುಗಳೊಬ್ಬರ ಮನೆಯ ಮದುವೆ. ಟೋಕಿಯೋದಲ್ಲಿ ಉದ್ಯೋಗದಲ್ಲಿರುವ ಮಗ ಸಂಸಾರ ಸಮೇತ ಬಂದಿದ್ದ. ಆರತಕ್ಷತೆಯ ಗದ್ದಲದಿಂದ ತಪ್ಪಿಸಿಕೊಂಡು, ಏಳು ವರ್ಷದ ಮೊಮ್ಮಗಳ ಕೈ ಹಿಡಿದು ಸಂಜೆ ತಿರುಗಾಡಲು ಹೊರಟಾಗ ರಸ್ತೆಯ ಬದಿಯಲ್ಲಿ ಸ್ವೆಟರ್ ಮಾರುವ ಟಿಬೆಟನ್ನರ ಅಂಗಡಿಗಳ ಸಾಲು ಕಂಡಿತು. ದೀಪಾವಳಿಯ ಹೊತ್ತಿಗೆ ಬಂದು, ಸಂಕ್ರಾಂತಿ ಕಳೆದು ಚಳಿ ಇಳಿಯುತ್ತಿದ್ದಂತೆ ಗಂಟು ಕಟ್ಟುವ ಈ ವ್ಯಾಪಾರಿಗಳು ನಮ್ಮ ಊರುಗಳಿಗೆ ಹೊಸಬರಲ್ಲ. ಐವತ್ತು ದಾಟಿದ ಹೆಂಗಸೊಬ್ಬರು ಹಳ್ಳಿಯ ಗಿರಾಕಿಯೊಬ್ಬನೊಡನೆ ಅಚ್ಚಗನ್ನಡದಲ್ಲಿ ಚೌಕಾಸಿಗೆ ನಿಂತಿದ್ದರು. 'ಅಸಲೂ ಹುಟ್ಟಂಗಿಲ್ಲ ಅಣ್ಣಾ' ಎಂದು ಅವರು ಹೇಳಿದ್ದನ್ನು ಕೇಳಿ, ಪಕ್ಕದಲ್ಲಿದ್ದ ಯುವಕನೊಬ್ಬ ತನ್ನ ಗೆಳೆಯನಿಗೆ, 'ಚೀನಾದವರು ಎಷ್ಟು ಚೆಂದ ಕನ್ನಡ ಮಾತಾಡ್ತಾರೆ ನೋಡು' ಎಂದ. ಮೊಮ್ಮಗಳು ನನ್ನ ಕೈ ಜಗ್ಗಿದಳು: 'ತಾತಾ, ಅಲ್ಲಿ ನಾವು ಗಾಯಿಜಿನ್. ಇಲ್ಲಿ ಇವರು ಗಾಯಿಜಿನ್ನಾ?'

ಗಾಯಿಜಿನ್ ಎಂಬುದು ಜಪಾನೀ ಮಾತು. 'ಹೊರಗಿನವರು' ಎಂದು ಅದರ ಅರ್ಥ. ಬೈಗುಳವಲ್ಲ, ಆದರೆ ಪ್ರೀತಿಯ ಮಾತೂ ಅಲ್ಲ. ಹಲವು ವರ್ಷ ಅಲ್ಲಿ ನೆಲೆಸಿ, ಅವರ ಭಾಷೆಯನ್ನು ತಪ್ಪಿಲ್ಲದೆ ಆಡಿದರೂ ಬೆನ್ನಿಗಂಟಿಕೊಂಡೇ ಇರುವ ಪದ. ಮಗುವಿಗೆ ನಾನು ಏನೋ ಒಂದು ಉತ್ತರ ಹೇಳಿದೆ. ಆದರೆ ಆ ಪ್ರಶ್ನೆ ನನ್ನನ್ನು ಮೂವತ್ತು ವರ್ಷಗಳಿಗೂ ಹಿಂದಕ್ಕೆ, ಮುಂಡಗೋಡಿನ ಒಂದು ಮನೆಗೆ ಮತ್ತು ಹರಪನಹಳ್ಳಿ ತಾಲ್ಲೂಕಿನ ನನ್ನ ಸ್ವಂತ ಮನೆಯ ಪಡಸಾಲೆಗೆ ಕರೆದೊಯ್ದಿತು. ಆ ಪಡಸಾಲೆಯಲ್ಲಿ ನಡೆದುದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

ಹಲುವಾಗಲಿನ ಹೆಸರು

ಕರ್ನಾಟಕದಲ್ಲಿ ದೀರ್ಘಕಾಲದಿಂದ ನೆಲೆಸಿರುವ ವಿದೇಶಿಯರು ಯಾರು ಎಂದು ಕೇಳಿದರೆ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಕಂಪನಿಗಳ ಅಧಿಕಾರಿಗಳು ಅಥವಾ ಹಂಪಿಯ ಪ್ರವಾಸಿಗರು. ಆದರೆ ಆರು ದಶಕಗಳಿಗೂ ಹೆಚ್ಚು ಕಾಲ ನಮ್ಮ ನಡುವೆ ಉತ್ತು ಬಿತ್ತು ಬಾಳಿದ ವಿದೇಶಿಯರು ಟಿಬೆಟನ್ನರು. 1959ರ ಮಾರ್ಚ್ ಕೊನೆಯಲ್ಲಿ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಇವರಿಗೆ ನೆಲ ಕೊಡುವಿರಾ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಉದಾರವಾಗಿ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. 1960ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ, 1966ರಲ್ಲಿ ಮುಂಡಗೋಡಿನಲ್ಲಿ ಸುಮಾರು 4,000 ಎಕರೆ ಅವರಿಗೆ ದೊರೆಯಿತು. 1969ರಲ್ಲಿ ಬೈಲಕುಪ್ಪೆಯಲ್ಲೇ ಇನ್ನೊಂದು, 70ರ ದಶಕದ ಮೊದಲರ್ಧದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ಕಡೆ ತಲಾ ಒಂದು ನೆಲೆ ಎದ್ದವು. ಲಾಸಾದ ಸುತ್ತ ಶತಮಾನಗಳ ಕಾಲ ಇದ್ದ ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು: ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ.

ದಲೈ ಲಾಮಾ ತಮ್ಮ ಭಾಷಣಗಳಲ್ಲಿ ಈ ಔದಾರ್ಯವನ್ನು ನೆನೆಯುವಾಗಲೆಲ್ಲ ಎಸ್. ನಿಜಲಿಂಗಪ್ಪನವರ ಹೆಸರನ್ನು ತಪ್ಪದೆ ಹೇಳುತ್ತಾರೆ. 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿಯವರು, ಮುಂಡಗೋಡಿನ ನೆಲೆ ಸ್ಥಾಪನೆಯಾದಾಗ ನಿಜಲಿಂಗಪ್ಪನವರು. ಕಡತ ಓದಿಯೇ ಬದುಕಿದವನಾದ ನನಗೆ ಜತ್ತಿಯವರ ಹೆಸರನ್ನೂ ಸೇರಿಸಬೇಕೆನಿಸುತ್ತದೆ. ಆದರೆ ನಿಜಲಿಂಗಪ್ಪನವರ ಹೆಸರು ಕೇಳಿದಾಗ ನನಗೊಂದು ಖಾಸಗಿ ಹೆಮ್ಮೆಯೂ ಇದೆ. ಅವರು 1902ರಲ್ಲಿ ಹುಟ್ಟಿದ್ದು ನಮ್ಮ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ತುಂಗಭದ್ರೆಯ ದಂಡೆಯ ಆ ಊರಿನ ಹೆಸರು ಹಿಮಾಲಯದಾಚೆಯ ಜನಾಂಗವೊಂದರ ಕೃತಜ್ಞತೆಯೊಡನೆ ಹೆಣೆದುಕೊಂಡಿದೆ ಎಂಬುದು ನಮ್ಮ ಭಾಗದ ಎಷ್ಟು ಮಂದಿಗೆ ತಿಳಿದಿದೆಯೋ!

ಹೊರಗಿನವರು, ಒಳಗಿನವರು ಎಂಬ ಲೆಕ್ಕವೇ ನಮ್ಮ ಸೀಮೆಯಲ್ಲಿ ಅಷ್ಟು ಸರಳವಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಪಡುವಣ ತಾಲ್ಲೂಕುಗಳು 1953ರ ಸೆಪ್ಟೆಂಬರ್‌ವರೆಗೆ ಮದ್ರಾಸು ರಾಜ್ಯದಲ್ಲಿದ್ದವು. ಆ ಬಳಿಕ ಮೈಸೂರಿಗೆ ಬಂದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರ ನಿರ್ಧಾರದಂತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನಮ್ಮ ಮನೆಯ ಹೊಸ್ತಿಲು ಒಂದಂಗುಲವೂ ಕದಲಲಿಲ್ಲ. ಅದರ ವಿಳಾಸ ಮಾತ್ರ ಬದಲಾಗುತ್ತ ಹೋಯಿತು. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಜನ ಗುಳೆ ಹೊರಟು ಬೆಂಗಳೂರಿನ ಕಟ್ಟಡಗಳಲ್ಲಿ, ಮಲೆನಾಡಿನ ಕಾಫಿ ತೋಟಗಳಲ್ಲಿ 'ಬಳ್ಳಾರಿ ಕಡೆಯವರು' ಎನಿಸಿಕೊಳ್ಳುತ್ತಾರೆ. ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಾಗ ಹಗರಿಬೊಮ್ಮನಹಳ್ಳಿ, ಹಡಗಲಿ ಭಾಗದ ಊರುಗಳೂ ಸೇರಿ ಹತ್ತಾರು ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ನನ್ನ ತಾಯಿಯ ತವರು ಅಂಥ ಹಳ್ಳಿಗಳಲ್ಲಿ ಒಂದು. ಹೊಸ ಊರಿನಲ್ಲಿ ತಮ್ಮನ್ನು ಎಷ್ಟೋ ವರ್ಷ 'ಮುಳುಗಡೆಯವರು' ಎಂದೇ ಕರೆಯುತ್ತಿದ್ದರೆಂದು ಆಕೆ ಕೊನೆಯವರೆಗೂ ಹೇಳುತ್ತಿದ್ದಳು.

ಎಲೆ ಮತ್ತು ಪಾತ್ರೆ

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ, ಕಂದಾಯ ಇಲಾಖೆ ಸೇರಿದ ಕೆಲವೇ ವರ್ಷಗಳಲ್ಲಿ, 1988ರ ಸುಮಾರಿಗೆ, ನನಗೆ ಮುಂಡಗೋಡಿನಲ್ಲಿ ಕೆಲಸ ಮಾಡುವ ಅವಕಾಶ ಬಂತು. ಟಿಬೆಟನ್ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದವರೊಬ್ಬರು ಮೆಕ್ಕೆಜೋಳದ ಬೆಳೆಹಾನಿಯ ಪಟ್ಟಿ ಹಿಡಿದು ಕಚೇರಿಗೆ ಬಂದದ್ದು ಪರಿಚಯದ ಆರಂಭ. ನನಗಿಂತ ಎಂಟು ವರ್ಷ ಹಿರಿಯರು. ಬಾಲಕನಾಗಿದ್ದಾಗ ತಂದೆ ತಾಯಿಯ ಜೊತೆ ಹಿಮದ ಕಣಿವೆ ದಾಟಿ ಬಂದವರು. ತಂದೆ ತಾಯಿ ಹಿಮಾಚಲದಲ್ಲಿ ರಸ್ತೆಗೆ ಕಲ್ಲು ಒಡೆದರು, ಬಳಿಕ ಮುಂಡಗೋಡಿನ ಕಾಡಿಗೆ ಬಂದರು. ಆರಂಭದ ದಿನಗಳಲ್ಲಿ ಗುಡಾರಗಳಲ್ಲಿದ್ದು ಕಾಡು ಕಡಿದುದು, ಬಿಸಿಲಿಗೆ ಹೊಂದದ ಮೈಗೆ ಬಗೆಬಗೆಯ ಜ್ವರ ಅಂಟಿದುದು, ಹಿರಿಯರು ಒಬ್ಬೊಬ್ಬರಾಗಿ ಮಣ್ಣಾದುದು ಎಲ್ಲವನ್ನೂ ಅವರು ಲೆಕ್ಕದ ಪುಸ್ತಕ ಓದುವವರಂತೆ, ದನಿ ಏರಿಸದೆ ಹೇಳುತ್ತಿದ್ದರು.

ಸಂಜೆಯ ಹೊತ್ತು ನಾನು ಅವರ ಮನೆಗೆ ಹೋಗುವುದು ರೂಢಿಯಾಯಿತು. ಬೆಣ್ಣೆ, ಉಪ್ಪು ಹಾಕಿದ ಅವರ ಚಹಾ ಮೊದಲ ದಿನ ಗಂಟಲಿಗಿಳಿಯಲಿಲ್ಲ. ಅದನ್ನು ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿಯಿರಿ ಎಂದು ಅವರೇ ಉಪಾಯ ಹೇಳಿಕೊಟ್ಟರು. ಹುರಿದ ಬಾರ್ಲಿಯ ಹಿಟ್ಟು ಅವರ ನಿತ್ಯದ ಆಹಾರ. ಅದನ್ನು ನೋಡಿದಾಗ ನನಗೆ ನಮ್ಮ ಹುರಿಹಿಟ್ಟು ನೆನಪಾಯಿತು. ಅವರು ತಾಯಿಯನ್ನು 'ಆಮಾ' ಎನ್ನುತ್ತಾರೆ, ಗೌರವಕ್ಕೆ ಕೊನೆಯಲ್ಲೊಂದು 'ಲಾ' ಸೇರಿಸುತ್ತಾರೆ. ನಮ್ಮ 'ಅವರು' ಇದ್ದಂತೆ. ನಾನು ಮಾಂಸ ತಿನ್ನುವವನಲ್ಲ ಎಂದು ತಿಳಿದ ಮೇಲೆ ಆ ಮನೆಯಾಕೆ ಆಲೂಗಡ್ಡೆ, ಎಲೆಕೋಸು ತುಂಬಿದ ಮೋಮೊ ಮಾಡತೊಡಗಿದರು.

1990ರ ಚಳಿಗಾಲ ಕಳೆಯುವ ಹೊತ್ತಿಗೆ ಅವರನ್ನು ಕೊಟ್ಟೂರಿನ ತೇರಿಗೆ ಕರೆದೊಯ್ದೆ. ಮಾಘ ಬಹುಳದಲ್ಲಿ ಗುರು ಕೊಟ್ಟೂರೇಶ್ವರರ ರಥೋತ್ಸವ. ಟಿಬೆಟನ್ನರ ಹೊಸವರ್ಷ ಲೋಸಾರ್ ಹೆಚ್ಚಿನ ವರ್ಷಗಳಲ್ಲಿ ಅದರ ಆಸುಪಾಸಿನಲ್ಲೇ ಬರುತ್ತದೆ. ಕಾಲ್ನಡಿಗೆಯಲ್ಲಿ ಬಂದ ಭಕ್ತರನ್ನು ಅವರು ಕಣ್ಣರಳಿಸಿ ನೋಡಿದರು. ತೇರು ಕದಲುವ ಮೊದಲು ದಲಿತ ಮುತ್ತೈದೆಯರು ಕಳಸದಾರತಿ ಬೆಳಗುವುದನ್ನು ನಾನು ಹೆಮ್ಮೆಯಿಂದ ವಿವರಿಸಿದೆ. ನಮ್ಮಲ್ಲಿ ಭೇದವಿಲ್ಲ, ಎಲ್ಲರನ್ನೂ ನಮ್ಮವರೆನ್ನುವ ಶರಣರ ನಾಡು ಇದು ಎಂದು ಭಾಷಣವನ್ನೇ ಮಾಡಿದೆನೆಂದು ಕಾಣುತ್ತದೆ.

ಮಾರನೆಯ ದಿನ ನಮ್ಮೂರಿನ ಮನೆಗೆ ಹೋದೆವು. ತಾಯಿ ಸಂಭ್ರಮದಿಂದ ಬರಮಾಡಿಕೊಂಡಳು. 'ನಿಮ್ಮೂರು ಎಲ್ಲೈತಪ್ಪಾ?' ಎಂದು ಶುರುವಾದ ಮಾತು ಬಹಳ ಹೊತ್ತು ನಡೆಯಿತು. ಬಿಟ್ಟು ಬಂದ ಊರಿನ ಮಾತು ಬಂದಾಗ ಆಕೆ, 'ಬ್ಯಾಸಿಗ್ಯಾಗ ನೀರು ಇಳದ್ರೆ ನಮ್ಮೂರ ಗುಡಿ ಕಾಣ್ತತಿ. ನಿಮ್ಮೂರು ಕಾಣ್ತತೇನಪ್ಪಾ?' ಎಂದು ಕೇಳಿದಳು. 'ಇಲ್ಲವ್ವಾ, ಕಾಣೋದಿಲ್ಲ' ಎಂದರು ಅವರು. 'ಹಂಗಾರೆ ನಂದಕ್ಕಿಂತ ನಿಂದು ದೊಡ್ಡ ಸಂಕಟ ಬಿಡಪ್ಪಾ' ಎಂದ ನನ್ನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕಣ್ಣೀರು ಸುಳ್ಳಲ್ಲ.

ಆಮೇಲೆ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ. ನನಗೂ ತಂದೆಯವರಿಗೂ ಒಳಗೆ ಸ್ಟೀಲಿನ ತಟ್ಟೆ. ಅವರಿಗೆ ಪಡಸಾಲೆಯಲ್ಲಿ ಮುತ್ತುಗದ ಎಲೆ. ದನದ ಮಾಂಸ ತಿನ್ನುವವರೆಂದು ಯಾರೋ ಆಕೆಯ ಕಿವಿಗೆ ಹಾಕಿದ್ದರು. ಎಲೆಯಾದರೆ ಎಸೆಯಬಹುದು, ತಟ್ಟೆಯಾದರೆ ಮತ್ತೆ ಒಳಗೆ ಬರಬೇಕು. ಲೆಕ್ಕ ಅಷ್ಟೆ. ನನಗೆ ತಕ್ಷಣ ಅರ್ಥವಾಯಿತು. ನಾನು ಮಾಡಬಹುದಾಗಿದ್ದುದು ಬಹಳವೇನಲ್ಲ. ನನ್ನ ತಟ್ಟೆಯನ್ನು ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂರಬಹುದಿತ್ತು, ಅಥವಾ ನನಗೂ ಎಲೆ ಹಾಕೆಂದು ಹೇಳಬಹುದಿತ್ತು. ತಾಲ್ಲೂಕಿನ ಕಾನೂನು ಸುವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ತಾಯಿಯ ಮುಂದೆ ಒಂದು ಮಾತು ಆಡುವ ಧೈರ್ಯ ಬರಲಿಲ್ಲ. ಒಳಗೆ ಕೂತು ಉಂಡೆ. ಹಿಂದಿರುಗುವಾಗ ಬಸ್ಸಿನಲ್ಲಿ ಅವರೇ, 'ಎಲೆಯಲ್ಲಿ ಬಡಿಸಿದರೆ ನಿಮ್ಮಲ್ಲಿ ದೊಡ್ಡ ಮರ್ಯಾದೆ ಅಲ್ವಾ ಸಾಹೇಬ್ರೇ' ಎಂದರು. ನಾನು 'ಹೌದು' ಎಂದೆ.

ಎರಡೂ ಕಡೆಯ ಬಾಗಿಲು

ಇದು ನನ್ನ ಮನೆಯ ಕಥೆ ಮಾತ್ರವಲ್ಲ ಎಂಬುದಕ್ಕಾಗಿಯೇ ಇದನ್ನು ಹೇಳಿದೆ. ಕನ್ನಡಿಗರು ಮತ್ತು ಟಿಬೆಟನ್ನರ ಸಂಬಂಧ ಒಟ್ಟಿನಲ್ಲಿ ಶಾಂತವಾದುದು. ಜಮೀನು, ಕೂಲಿ, ವಾಹನ ಡಿಕ್ಕಿ ಇತ್ಯಾದಿ ಕಾರಣಗಳಿಗೆ ಆಗೀಗ ಹೊತ್ತಿಕೊಂಡ ಜಗಳಗಳನ್ನು ಎರಡೂ ಕಡೆಯ ಹಿರಿಯರು ಆರಿಸಿದ್ದಾರೆ. ಅವರ ನೆಲೆಗಳಿಂದ ಸುತ್ತಲಿನವರಿಗೆ ಉದ್ಯೋಗ ಸಿಕ್ಕಿದೆ, ಪೇಟೆ ಬೆಳೆದಿದೆ. ಬೈಲಕುಪ್ಪೆಯ ಸ್ವರ್ಣ ದೇಗುಲ ನೋಡಲು ಬರುವ ಪ್ರವಾಸಿಗರಿಂದ ಕುಶಾಲನಗರದ ಹೋಟೆಲುಗಳು, ಆಟೋಗಳು ನಡೆಯುತ್ತವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇದನ್ನು ನಾನು ಎರಡು ಸಮುದಾಯಗಳ ನಡುವಿನ ಯಶಸ್ವಿ ವಿನಿಮಯ ಎಂದು ಬರೆಯಬಲ್ಲೆ. ಆದರೆ ವಿನಿಮಯ ಬೇರೆ, ಸ್ನೇಹ ಬೇರೆ. ವಿನಿಮಯಕ್ಕೆ ಪಡಸಾಲೆ ಸಾಕು.

ಬಾಗಿಲು ಹಾಕಿಕೊಂಡವರು ನಾವು ಮಾತ್ರ ಎಂದರೂ ತಪ್ಪಾದೀತು. ಒಂದಲ್ಲ ಒಂದು ದಿನ ಮರಳಿ ಹೋಗುತ್ತೇವೆಂಬ ನಂಬಿಕೆಯಲ್ಲಿ ಟಿಬೆಟನ್ನರು ತಮ್ಮ ಭಾಷೆ, ಧರ್ಮ, ಶಾಲೆಗಳನ್ನು ಬೇರೆಯಾಗಿಯೇ ಕಾಪಾಡಿಕೊಂಡರು. ಹೊರಗೆ ಮದುವೆಯಾಗುವುದನ್ನು ಅವರ ಹಿರಿಯರು ಮೆಚ್ಚುತ್ತಿರಲಿಲ್ಲ. ನೆಲ ಕಳೆದುಕೊಂಡವರಿಗೆ ಉಳಿದಿದ್ದುದು ಅಷ್ಟೇ ಆದ್ದರಿಂದ ಅದನ್ನು ತಪ್ಪೆನ್ನಲಾಗದು. ಆದರೂ ಅವರ ಹೊಲದಲ್ಲಿ ದುಡಿಯುವ ನಮ್ಮ ಕೂಲಿಯವರು ಅವರ ಮನೆಯ ಹಬ್ಬ ಕಂಡದ್ದು ಕಡಿಮೆ. ವಿದೇಶದ ದೇಣಿಗೆಯಿಂದ ಎದ್ದ ಕಟ್ಟಡಗಳನ್ನು ನೋಡಿ ಸುತ್ತಲಿನ ಬಡ ರೈತ ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು. ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುವಂತಿದೆ. ಅವರು ನಮ್ಮ ಭಾಷೆ ಕಲಿತರು. ನಮ್ಮಲ್ಲಿ ಅವರ ಭಾಷೆ ಕಲಿತವರು ನೆಲೆಗಳ ಸುತ್ತಲಿನ ಕೆಲವು ಅಂಗಡಿಯವರು, ಕೆಲಸಗಾರರು ಅಷ್ಟೇ. ಓದಿದ ನಾವು ಅವರನ್ನು ಈಗಲೂ ಚೀನಾದವರೆನ್ನುತ್ತೇವೆ. ಯಾರ ಕಾರಣದಿಂದ ಊರು ಬಿಟ್ಟರೋ ಅವರ ಹೆಸರಿನಿಂದಲೇ ಕರೆಸಿಕೊಳ್ಳುವ ನೋವು ನಮಗೆ ತಟ್ಟುವುದಿಲ್ಲ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದಾಗ ಟಿಬೆಟನ್ ವಿದ್ಯಾರ್ಥಿಗಳೂ ಬೆದರಿದ್ದರು. ಮುಖ ನೋಡಿ ಮನುಷ್ಯನನ್ನು ನಿರ್ಧರಿಸುವವರಿಗೆ ಅಸ್ಸಾಂ, ಮಣಿಪುರ, ಲಾಸಾ ಎಲ್ಲವೂ ಒಂದೇ.

ಕಾನೂನಿನ ಮಾತೂ ಇದೆ. 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಟಿಬೆಟನ್ನರು ಕಾಗದದ ಮೇಲೆ ನಿರಾಶ್ರಿತರೂ ಅಲ್ಲ, ನೋಂದಣಿ ಪತ್ರ ಹೊಂದಿದ ವಿದೇಶಿಯರು. ಹಳೆಯ ಕಾಯ್ದೆಗಳು ಹೋಗಿ 2025ರ ಸೆಪ್ಟೆಂಬರ್‌ನಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಗೆ ಬಂದಿದೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ಆದರೆ ಅದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ಹೇಳಿಸಿಕೊಳ್ಳಲು 2010ರಲ್ಲಿ ದೆಹಲಿ ಹೈಕೋರ್ಟಿಗೆ, 2013ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋಗಬೇಕಾಯಿತು. ನನ್ನ ಗೆಳೆಯರ ಮಗಳು ಹುಟ್ಟಿದ್ದು 1984ರಲ್ಲಿ, ಮಗ 1989ರಲ್ಲಿ. ಒಂದೇ ಮನೆ, ಒಂದೇ ತಾಯಿ, ಒಂದೇ ತೊಟ್ಟಿಲು. ಅಕ್ಕ ಭಾರತೀಯಳು, ತಮ್ಮ ವಿದೇಶಿ! ಭೂಮಿಯ ಗುತ್ತಿಗೆ ಪತ್ರ ಮತ್ತು ಸರ್ಕಾರಿ ಯೋಜನೆಗಳ ಸೌಲಭ್ಯ ಅವರಿಗೂ ಸಿಗಬೇಕೆಂದು ಕೇಂದ್ರ 2014ರಲ್ಲಿ ಪುನರ್ವಸತಿ ನೀತಿಯನ್ನು ಹೊರಡಿಸಿತು. ಅದನ್ನು ಕಡತದಿಂದ ಹೊಲಕ್ಕೆ ತಲುಪಿಸುವುದು ನನ್ನಂಥವರ ಕೈಯಲ್ಲಿತ್ತು. ಮೇಜಿನ ಮೇಲೆ ಕಾಗದ ಕಾಯುತ್ತಿದ್ದಾಗ ಮುಂದೆ ನಿಂತವರು ಮತದಾರರಲ್ಲದಿದ್ದರೆ ಕಾಗದ ಇನ್ನಷ್ಟು ಕಾಯುತ್ತದೆ ಎಂಬುದನ್ನು ಸೇವೆಯಲ್ಲಿದ್ದವರೆಲ್ಲ ಬಲ್ಲರು.

ಟೋಕಿಯೋದ ಕನ್ನಡಿ

2019ರಲ್ಲಿ ಮಗನನ್ನು ನೋಡಲು ನಾವಿಬ್ಬರೂ ಜಪಾನಿಗೆ ಹೋಗಿದ್ದೆವು. ಟೋಕಿಯೋದ ಎಡೋಗಾವಾ ವಾರ್ಡಿನ ನಿಶಿ ಕಸಾಯ್ ಭಾರತೀಯರು ಹೆಚ್ಚಾಗಿರುವ ಬಡಾವಣೆ. ಅಲ್ಲಿನ ಶಿಸ್ತು, ಸೌಜನ್ಯ ಕಂಡು ಬೆರಗಾದೆ. ಹೊಸ ಮನೆಗೆ ಬಂದವರೇ ನೆರೆಮನೆಗಳ ಬಾಗಿಲು ತಟ್ಟಿ, ಸಣ್ಣದೊಂದು ಉಡುಗೊರೆ ಕೊಟ್ಟು, 'ತೊಂದರೆ ಕೊಡಲಿದ್ದೇವೆ, ಸಹಿಸಿಕೊಳ್ಳಿ' ಎಂಬರ್ಥದ ಮಾತು ಹೇಳುವ ಪದ್ಧತಿ ಅಲ್ಲಿದೆ. ಮಗನೂ ಹಾಗೆ ಮಾಡಿದ್ದ. ನೆರೆಯವರು ತಲೆಬಾಗಿ ಸ್ವೀಕರಿಸಿದರು, ಇಂದಿಗೂ ಎದುರಾದಾಗ ತಲೆಬಾಗುತ್ತಾರೆ. ಆದರೆ ಏಳು ವರ್ಷಗಳಲ್ಲಿ ಅವನು ಒಳಹೊಕ್ಕ ಜಪಾನೀ ಮನೆ ಒಂದೇ ಒಂದು. ಆ ಒಂದು ಮನೆಯ ಕಥೆ ಸ್ವಾರಸ್ಯಕರವಾಗಿದೆ. ಅವರ ಬಹುತೇಕ ಸಾರುಗಳ ಬುಡದಲ್ಲಿ ಒಣಮೀನಿನ ಕಷಾಯವಿರುತ್ತದೆ. ಸಹೋದ್ಯೋಗಿಯ ವೃದ್ಧ ತಾಯಿ ಮೀನಿಲ್ಲದೆ, ಕಡಲಪಾಚಿಯಿಂದ ಸಾರು ಮಾಡುವುದನ್ನು ನಾಲ್ಕಾರು ದಿನ ಮೊದಲೇ ಮಾಡಿ ನೋಡಿ ನನ್ನ ಮಗನನ್ನು ಕರೆದಿದ್ದರು.

ಮನೆ ಬಾಡಿಗೆಗೆ ಹಿಡಿಯುವಾಗ ಆದ ಅನುಭವ ಅಷ್ಟು ಸಿಹಿಯಲ್ಲ. 'ಕ್ಷಮಿಸಿ, ವಿದೇಶಿಯರಿಗೆ ಕೊಡುವುದಿಲ್ಲ' ಎಂಬ ನಯವಾದ ಉತ್ತರ ಅವನಿಗೆ ಮೂರು ಕಡೆ ಸಿಕ್ಕಿತ್ತಂತೆ. ಇದು ಅವನೊಬ್ಬನ ದೂರಲ್ಲ. ಜಪಾನಿನ ಕಾನೂನು ಸಚಿವಾಲಯವೇ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದ ವಿದೇಶಿಯರಲ್ಲಿ ಶೇ 39ರಷ್ಟು ಮಂದಿ ವಿದೇಶಿಯರೆಂಬ ಕ಼ಾರಣಕ್ಕೇ ಮನೆ ಸಿಗದ ಅನುಭವ ಹೊಂದಿದ್ದರು. ಜನಸಂಖ್ಯೆ ಕುಗ್ಗುತ್ತಿರುವ ಆ ದೇಶಕ್ಕೆ ಹೊರಗಿನ ಕೈಗಳು ಬೇಕೇ ಬೇಕು. 2024ರ ಕೊನೆಗೆ ಅಲ್ಲಿ 37 ಲಕ್ಷಕ್ಕೂ ಹೆಚ್ಚು ವಿದೇಶಿಯರಿದ್ದರು, ಅಂದರೆ ನೂರಕ್ಕೆ ಮೂವರು. ಕೆಲಸಕ್ಕೆ ಬೇಕು, ಮನೆಗೆ ಬೇಡ ಎಂಬ ಈ ಇಬ್ಬಂದಿಯನ್ನು ಕೇಳಿ ನನಗೆ ರೋಷ ಬಂತು. ಇಷ್ಟು ಮುಂದುವರಿದ ಜನ ಹೀಗೇಕೆ ಎಂದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಪ್ಪಾ, ಬೆಂಗಳೂರಲ್ಲಿ ನಮ್ಮ ಮೇಲಿನ ಮನೆ ಗೇಟಿಗೆ ಏನಂತ ಬೋರ್ಡ್ ಹಾಕಿದೀರಿ?' ಎಂದ.

'ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ.' ನಾನೇ ಬರೆಸಿದ ಬೋರ್ಡು. 1990ರ ಮುತ್ತುಗದ ಎಲೆಗೂ ಈ ಬೋರ್ಡಿಗೂ ನಡುವೆ ಮೂವತ್ತು ವರ್ಷದ ಓದು, ಸೇವೆ, ತಿರುಗಾಟ ಇದ್ದವು. ಅಂತರ ಮಾತ್ರ ಇರಲಿಲ್ಲ. ತಾಯಿಯನ್ನು ಹಳೆಯ ಕಾಲದವಳೆಂದು ಮನಸ್ಸಿನಲ್ಲೇ ಕ್ಷಮಿಸಿ ದೊಡ್ಡವನಾಗಿದ್ದೆ. ಆಕೆ ಎಲೆಯಾದರೂ ಹಾಕಿ ಹೊಟ್ಟೆ ತುಂಬ ಬಡಿಸಿದ್ದಳು, ನಾನು ಗೇಟಿನಲ್ಲೇ ತಡೆದಿದ್ದೆ.

ಗೊತ್ತಿತ್ತು ಸಾಹೇಬ್ರೇ

ಈ ಮಾತಿಗೆ ನಾಲ್ಕು ವರ್ಷ ಮೊದಲು, 2015ರಲ್ಲಿ, ಮುಂಡಗೋಡಿನ ಗೆಳೆಯರು ಮಗಳೊಂದಿಗೆ ಇರಲೆಂದು ಕೆನಡಾಕ್ಕೆ ಹೊರಟಿದ್ದರು. ಬೀಳ್ಕೊಡಲು ಹೋಗಿದ್ದೆ. ನೆಲೆಯಲ್ಲಿ ಮುದುಕರು, ಭಿಕ್ಷುಗಳು ಇದ್ದರು. ಯುವಕರು ವಿರಳ. ಕೆನಡಾ, ಅಮೆರಿಕ, ಯುರೋಪ್ ಎಂದು ಹೊರಟುಹೋದವರ ಮನೆಗಳಿಗೆ ಬೀಗ. ಕೊರಳಿಗೆ ಬಿಳಿಯ ಖತಾ ಹಾಕಿ ಕೂರಿಸಿದರು. ಇಪ್ಪತ್ತೈದು ವರ್ಷ ಹೊತ್ತ ಭಾರವನ್ನು ಅಂದಾದರೂ ಇಳಿಸೋಣವೆಂದು ಎಲೆಯ ಸಂಗತಿ ಹೇಳಿದೆ. ಅವರು ನಕ್ಕರು. 'ಅವತ್ತೇ ಗೊತ್ತಿತ್ತು ಸಾಹೇಬ್ರೇ. ನಿಮಗೆ ಕಷ್ಟ ಆಗಬಾರದು ಅಂತ ಬಸ್ಸಲ್ಲಿ ಹಾಗೆ ಕೇಳಿದೆ' ಎಂದರು. ಆಮೇಲೆ ಅವರ ಹೆಂಡತಿ ಒಳಗಿನಿಂದ ಒಂದು ಅಲ್ಯೂಮಿನಿಯಂ ಪಾತ್ರೆ ತಂದು ತೋರಿಸಿದರು. ನಾನು ಆ ಮನೆಗೆ ಹೋಗತೊಡಗಿದ ವರ್ಷ ಕೊಂಡದ್ದಂತೆ. ಅದರಲ್ಲಿ ಅವರು ಒಮ್ಮೆಯೂ ಮಾಂಸ ಬೇಯಿಸಿರಲಿಲ್ಲ. ನನಗಾಗಿ ಬೇರೆ ಇಟ್ಟಿದ್ದರು. ನನಗೆ ಅದನ್ನು ಒಮ್ಮೆಯೂ ಹೇಳಿರಲಿಲ್ಲ.

ಎರಡು ಮನೆಗಳಲ್ಲೂ ಅತಿಥಿಗೆ ಬೇರೆ ಏರ್ಪಾಟು ಇತ್ತು. ಒಂದು ಅತಿಥಿಯಿಂದ ತನ್ನನ್ನು ಕಾಪಾಡಿಕೊಳ್ಳಲು, ಇನ್ನೊಂದು ತನ್ನಿಂದ ಅತಿಥಿಯನ್ನು ಕಾಪಾಡಲು. ಟೋಕಿಯೋದ ಆ ಮುದುಕಿಯ ಕಡಲಪಾಚಿಯ ಸಾರು ಎರಡನೆಯ ಬಗೆಯದು. ಎಲ್ಲರೂ ಎಲ್ಲವನ್ನೂ ತಿಂದರೆ ಮಾತ್ರ ಸ್ನೇಹ ಎಂದು ನಾನು ಹೇಳುತ್ತಿಲ್ಲ. ಇಂದಿಗೂ ನಾನು ಮಾಂಸ ತಿನ್ನುವುದಿಲ್ಲ. ಬೇರೆತನ ಉಳಿಯಲಿ. ಅದು ಯಾರ ಸಲುವಾಗಿ ಎಂಬುದನ್ನು ಮಾತ್ರ ನಾವು ಕೇಳಿಕೊಳ್ಳಬೇಕು.

ನಾಡಾಗಿ ನಾವು ಟಿಬೆಟನ್ನರಿಗೆ ಮಾಡಿದ್ದು ಸಣ್ಣದಲ್ಲ. 2018ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿನಲ್ಲಿ ಕರ್ನಾಟಕಕ್ಕೆ ಧನ್ಯವಾದ ಹೇಳುವ ಸಮಾರಂಭವನ್ನೇ ನಡೆಸಿದರು, ದಲೈ ಲಾಮಾ ಬಂದಿದ್ದರು. ಕೊಟ್ಟವರಿಗೆ ಕೃತಜ್ಞತೆ ಕೇಳಲು ಹಿತವಾಗುತ್ತದೆ. ಆದರೆ ಕೊಡುವವನಾಗಿಯೇ ಉಳಿದವನಿಗೆ ಗೆಳೆಯನಾಗಲು ಬರುವುದಿಲ್ಲ. ಗೆಳೆತನಕ್ಕೆ ತೆಗೆದುಕೊಳ್ಳಲೂ ಕಲಿಯಬೇಕು. ಅವರ ನೆಲೆಗಳು ತೆರವಾಗುತ್ತಿರುವ ಈ ಹೊತ್ತಿನಲ್ಲಿ ಕಲಿಯಲು ಉಳಿದ ಕಾಲವೂ ಕಡಿಮೆ. ಟೊರಾಂಟೊದಿಂದ ಗೆಳೆಯರು ಪ್ರತಿ ಲೋಸಾರಿಗೆ ಫೋನ್ ಮಾಡುತ್ತಾರೆ. ಅಲ್ಲಿ ಟಿಬೆಟನ್ ಮಾತನಾಡುವವರಿಗೆ ಬರವಿಲ್ಲ. 'ಕನ್ನಡ ಮಾತಾಡೋಕೆ ಯಾರೂ ಸಿಗಲ್ಲ ಸಾಹೇಬ್ರೇ' ಎಂಬುದೇ ಅವರ ಕೊರಗು.

ಜಪಾನಿನಿಂದ ಬಂದ ವಾರದಲ್ಲೇ ಗೇಟಿನ ಬೋರ್ಡಿನಿಂದ ಕೊನೆಯ ಎರಡು ಪದಗಳನ್ನು ಅಳಿಸಿದೆ. ಹೆಂಡತಿ ಮೊದಲು ಒಪ್ಪಲಿಲ್ಲ, ಆಮೇಲೆ ಸುಮ್ಮನಾದಳು. 2022ರಿಂದ ಮೇಲಿನ ಮನೆಯಲ್ಲಿ ಬೈಲಕುಪ್ಪೆಯ ಇಬ್ಬರು ಹುಡುಗಿಯರಿದ್ದಾರೆ, ಆಸ್ಪತ್ರೆಯೊಂದರಲ್ಲಿ ನರ್ಸುಗಳು. ಮೊದಲ ಲೋಸಾರಿಗೆ ಅವರು ಸ್ಟೀಲ್ ಡಬ್ಬಿಯ ತುಂಬ ಕರಿದ ಖಪ್ಸೆ ತಂದುಕೊಟ್ಟರು. ನನ್ನ ಹೆಂಡತಿ ಒಂದು ಗಳಿಗೆ ಅನುಮಾನಿಸಿ ಒಂದನ್ನು ಮುರಿದು ಬಾಯಿಗಿಟ್ಟುಕೊಂಡಳು, 'ನಮ್ಮ ಶಂಕರಪೋಳಿ ಥರಾನೇ ಐತಲ್ಲ' ಎಂದಳು. ಖಾಲಿ ಡಬ್ಬಿ ಮರಳಿಸಬಾರದೆಂಬುದು ನಮ್ಮ ಕಡೆಯ ರೂಢಿ. ಯುಗಾದಿಗೆ ಅದರಲ್ಲಿ ಹೋಳಿಗೆ ಹೋಯಿತು. ಅದು ಹಾಗೆಯೇ ಮೆಟ್ಟಿಲು ಹತ್ತುತ್ತ ಇಳಿಯುತ್ತ ಇದೆ. ಅದು ಯಾರ ಡಬ್ಬಿ ಎಂದು ಈಗ ಕೇಳಿದರೆ ಎರಡೂ ಮನೆಯವರು ಸ್ವಲ್ಪ ಯೋಚಿಸಬೇಕಾಗುತ್ತದೆ.